ಲಕ್ಕಮ್ಮನ ಒಂದು ಪೈಸೆ

೨೭ ಮಾರ್ಚ್ ೧೯೭೫, ಗುರುವಾರ

ಇವತ್ತಿನದನ್ನು ಬರೆದಿಡದಿದ್ದರೆ ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ದೊಡ್ಡಬಳ್ಳಾಪುರದ ಹೊರಗಿರುವ ನಮ್ಮ ಹೆಂಚಿನ ಕಾರ್ಖಾನೆಯ ಏಳುನೂರ ಹನ್ನೆರಡು ಜನರ ವಾರದ ಕೂಲಿಯನ್ನು ಕಂಪ್ಯೂಟರ್ ಹತ್ತೊಂಬತ್ತು ನಿಮಿಷದಲ್ಲಿ ಲೆಕ್ಕ ಹಾಕಿ ಮುಗಿಸಿತು. ಹೇಗೆ ಹಾಕಬೇಕೆಂದು ಅದಕ್ಕೆ ಹೇಳಿಕೊಟ್ಟವಳು ನಾನು, ಪಿಳ್ಳಪ್ಪನ ಮಗಳು ಅನುಸೂಯ. ಇದೇ ಕೆಲಸವನ್ನು ಕೈಯಲ್ಲಿ ಮಾಡಲು ಅಪ್ಪಯ್ಯಣ್ಣ ಎಂಬ ನಮ್ಮ ಮುದಿ ಗುಮಾಸ್ತನಿಗೆ ಮೂರು ದಿನ ಬೇಕು, ನಡುವೆ ಒಂದು ಡಬ್ಬಿ ನಶ್ಯವೂ ಬೇಕು.

ಕಂಪ್ಯೂಟರ್ ನಮ್ಮದಲ್ಲ, ಬೆಂಗಳೂರಿನ ಒಂದು ದೊಡ್ಡ ಕಂಪನಿಯದು. ನಮ್ಮ ಮ್ಯಾನೇಜರ್ ಮುನಿರಾಮಯ್ಯನವರು ಪ್ರತಿ ಗುರುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಅದನ್ನು ಬಾಡಿಗೆಗೆ ಹಿಡಿದಿದ್ದಾರೆ. ಆಳಿಗೊಂದರಂತೆ, ಅವರವರ ಲೆಕ್ಕವನ್ನು ತೂತುಗಳಲ್ಲಿ ಹೊಡೆದ ಕಾರ್ಡುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಕಂಡಕ್ಟರ್ "ಏನಮ್ಮಾ ಅದು, ಲಗೇಜಾ?" ಅಂದ. "ಏಳ್ನೂರ ಹನ್ನೆರಡು ಜನ ಕಣಪ್ಪ" ಅಂದೆ. ಟಿಕೆಟ್ಟು ಹರಿಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತ.

ಆ ಕೋಣೆಯಲ್ಲಿ ಬೇಸಿಗೆಯಲ್ಲೂ ಚಳಿ. ಕಾರ್ಡುಗಳು ಒಂದು ಬಾಯಿಯಲ್ಲಿ ಸರಸರನೆ ಒಳಗೆ ಹೋದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಯಂತ್ರ ಕಾಗದದ ಮೇಲೆ ಸಾಲುಸಾಲಾಗಿ ಹೆಸರು, ಕಾರ್ಖಾನೆಯ ಟಿಕೆಟ್ ನಂಬರು, ರೂಪಾಯಿ, ಪೈಸೆ ಹೊಡೆಯತೊಡಗಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಾಪಸು ಬಂದು ಅಪ್ಪಯ್ಯಣ್ಣನ ಮೇಜಿನ ಮೇಲೆ ಪಟ್ಟಿ ಬಿಚ್ಚಿ ಹಾಕಿ, "ಇನ್ನು ನೀವು ಆರಾಮಾಗಿ ಕೂತ್ಕೊಳ್ಳಿ ಅಪ್ಪಯ್ಯಣ್ಣ, ನಿಮ್ಮ ಲೆಡ್ಜರಿಗೆ ಪೆನ್ಷನ್" ಅಂದೆ. ಮುದುಕ ಕನ್ನಡಕ ಏರಿಸಿ ಒಂದು ಸಾಲು ನೋಡಿ "ಚೆನ್ನಾಗೈತಮ್ಮ" ಅಂದು ಪಟ್ಟಿ ಮಡಿಸಿ ಕೊಟ್ಟ. ಹೊಟ್ಟೆಕಿಚ್ಚು, ಮತ್ತೇನು.

ನನ್ನ ಆರು ತಿಂಗಳ ಪ್ರೊಬೇಷನ್ ಏಪ್ರಿಲ್ ಮೂವತ್ತಕ್ಕೆ ಮುಗಿಯುತ್ತದೆ. ಇನ್ನು ಅದರ ಚಿಂತೆ ಇಲ್ಲ.

೨೯ ಮಾರ್ಚ್, ಶನಿವಾರ

ಮೈಯೆಲ್ಲ ಉರಿಯುತ್ತಿದೆ. ಆರು ಪೈಸೆಗೆ ನನ್ನ ಮಾನ ಹೋಯಿತು.

ನಮ್ಮಲ್ಲಿ ಕೂಲಿ ಒಬ್ಬೊಬ್ಬರಿಗೆ ಅಂತ ಇಲ್ಲ, ತಂಡಕ್ಕೆ. ಮಣ್ಣು ತುಳಿಯುವ ತಂಡ, ಅಚ್ಚು ಒತ್ತುವ ತಂಡ, ಹೆಂಚು ಸುಡುವ ಗೂಡಿಗೆ ಜೋಡಿಸುವ ತಂಡ, ಹೀಗೆ ತೊಂಬತ್ತಾರು. ತಂಡಕ್ಕೆ ಇಷ್ಟು ಕೆಲಸಕ್ಕೆ ಇಷ್ಟು ಅಂತ ಮೊತ್ತ, ಬಂದ ದಿನಗಳ ಮೇಲೆ ಅವರವರಿಗೆ ಪಾಲು. ಮುತ್ಯಾಲಮ್ಮನ ತಂಡದಲ್ಲಿ ಏಳು ಜನ ಹೆಂಗಸರು. ಸುಟ್ಟ ಹೆಂಚನ್ನು ಗೂಡಿನಿಂದ ಹೊತ್ತು ತಂದು ಅಟ್ಟಿ ಹಾಕುವುದು ಅವರ ಕೆಲಸ. ವಾರಕ್ಕೊಂದು ಗೂಡು ಖಾಲಿ ಮಾಡುತ್ತಾರೆ, ಗೂಡಿಗೆ ನೂರ ನಲವತ್ತಮೂರು ರೂಪಾಯಿ.

ಬಟವಾಡೆ ಕಿಟಕಿಯಲ್ಲಿ ಅಪ್ಪಯ್ಯಣ್ಣ ಹೆಸರು ಕೂಗಿ ದುಡ್ಡು ಕೊಡುತ್ತಿದ್ದ. ಯಾರೂ ಒಂದು ದಿನವೂ ತಪ್ಪಿಸದ ಕಾರಣ ಏಳೂ ಜನಕ್ಕೆ ತಲಾ ಇಪ್ಪತ್ತು ರೂಪಾಯಿ ನಲವತ್ತೆರಡು ಪೈಸೆ. ಮುತ್ಯಾಲಮ್ಮ ಏಳು ಜನರ ದುಡ್ಡನ್ನೂ ಜಗಲಿಯ ಮೇಲೆ ಸುರಿದು ಎಣಿಸಿದಳು. ಆಮೇಲೆ ನನ್ನ ಹತ್ತಿರವೇ ನೆಟ್ಟಗೆ ಬಂದಳು.

"ಅಮ್ಮಣ್ಣಿ, ನಮ್ಮ ಆರು ಪೈಸ ಎಲ್ಲೋಯ್ತು?"

"ಯಾವ ಆರು ಪೈಸೆ?"

"ನೂರ ನಲವತ್ಮೂರು ಬರ್ಬೇಕಿತ್ತು. ನೂರ ನಲವತ್ತೆರಡು ರೂಪಾಯಿ ತೊಂಬತ್ನಾಕು ಪೈಸ ಬಂದೈತೆ."

"ನೋಡಮ್ಮ, ಕಂಪ್ಯೂಟರ್ ಹಾಕಿರೋ ಲೆಕ್ಕ ಅದು. ತಪ್ಪಾಗಕ್ಕೆ ಸಾಧ್ಯಾನೇ ಇಲ್ಲ."

"ತಪ್ಪು ಅನ್ನಲಿಲ್ಲ ಕಣವ್ವ. ಎಲ್ಲೋಯ್ತು ಅಂದೆ."

ಸುತ್ತ ನಿಂತವರೆಲ್ಲ ಎಣಿಸಲು ಶುರು ಮಾಡಿದರು. ಒಂದು ತಂಡಕ್ಕೆ ಮೂರು ಪೈಸೆ ಕಡಿಮೆ, ಇನ್ನೊಂದಕ್ಕೆ ಐದು. "ಮಿಷನ್ನು ಕಾಸು ನುಂಗ್ತೈತಂತೆ" ಎಂಬ ಸುದ್ದಿ ಸಂಜೆಯೊಳಗೆ ಗೂಡಿನ ಹಿಂದಿನವರೆಗೂ ಹೋಯಿತು. ಯಃಕಶ್ಚಿತ್ ಆರು ಪೈಸೆ, ಅದರಲ್ಲಿ ಒಂದು ಕಟ್ಟು ಬೀಡಿಯೂ ಬರುವುದಿಲ್ಲ. ಕಡ್ಡಿಯನ್ನು ಗುಡ್ಡ ಮಾಡುವುದು ಅಂದರೆ ಇದೇ.

೩೧ ಮಾರ್ಚ್, ಸೋಮವಾರ

ಸಿಕ್ಕಿತು, ಸಿಕ್ಕಿತು. ತಪ್ಪು ನನ್ನದೇ, ಆದರೆ ಎಷ್ಟು ಚಿಕ್ಕದು ಅಂದರೆ ನಗು ಬರುತ್ತದೆ.

ನೂರ ನಲವತ್ತಮೂರನ್ನು ಏಳರಿಂದ ಭಾಗಿಸಿದರೆ ಇಪ್ಪತ್ತು ರೂಪಾಯಿ ನಲವತ್ತೆರಡು ಪೈಸೆ, ಮೇಲೆ ಮುಕ್ಕಾಲು ಪೈಸೆಗಿಂತಲೂ ಒಂದಿಷ್ಟು ಹೆಚ್ಚು. ಆ ಚೂರನ್ನು ಏನು ಮಾಡಬೇಕೆಂದು ನಾನು ಹೇಳಿರಲಿಲ್ಲ. ಹೇಳದಿದ್ದರೆ ಯಂತ್ರ ಅದನ್ನು ಕತ್ತರಿಸಿ ಬಿಸಾಕುತ್ತದೆ. ಏಳು ಜನರ ಚೂರು ಸೇರಿದರೆ ಆರು ಪೈಸೆ. ಕಾರ್ಖಾನೆಗೆಲ್ಲ ಸೇರಿ ಮೂರು ರೂಪಾಯಿ ಹನ್ನೊಂದು ಪೈಸೆ. ಯಂತ್ರವನ್ನು ಹೊಗಳುತ್ತ ನಿಂತವಳಿಗೆ ತನ್ನದೇ ಕೈತಪ್ಪು ಕಾಣಲಿಲ್ಲ.

ಲೆಕ್ಕದ ಸಾಲಿನ ಕೊನೆಗೆ 'ರೌಂಡೆಡ್' ಅಂತ ಒಂದು ಪದ ಸೇರಿಸಿದರೆ ಆಯಿತು. ಚೂರು ಅರ್ಧ ಪೈಸೆಯೋ ಅದಕ್ಕಿಂತ ಹೆಚ್ಚೋ ಇದ್ದರೆ ಒಂದು ಪೈಸೆ ಮಾಡಿಕೊಳ್ಳುತ್ತದೆ, ಕಡಿಮೆ ಇದ್ದರೆ ಬಿಡುತ್ತದೆ. ಶಾಲೆಯಲ್ಲಿ ಎಲ್ಲರೂ ಕಲಿತದ್ದೇ. ಶನಿವಾರ ಆ ಮುತ್ಯಾಲಮ್ಮನ ಬಾಯಿಗೆ ಬೀಗ.

೫ ಏಪ್ರಿಲ್, ಶನಿವಾರ

ಬೀಗ ಬಿದ್ದದ್ದು ನನ್ನ ಬಾಯಿಗೆ.

ಈ ಸಲ ಮುತ್ಯಾಲಮ್ಮನ ತಂಡಕ್ಕೆ ತಲಾ ಇಪ್ಪತ್ತು ರೂಪಾಯಿ ನಲವತ್ತಮೂರು ಪೈಸೆ. ಏಳು ಜನಕ್ಕೆ ಕೂಡಿದರೆ ನೂರ ನಲವತ್ತಮೂರು ರೂಪಾಯಿ ಒಂದು ಪೈಸೆ. ಅವಳು ಮತ್ತೆ ಜಗಲಿಯ ಮೇಲೆ ಸುರಿದು ಎಣಿಸಿ, ಒಂದು ಪೈಸೆಯ ಬಿಲ್ಲೆಯನ್ನು ತಂದು ಕಿಟಕಿಯೊಳಗೆ ಇಟ್ಟಳು.

"ಇದು ನಮ್ದಲ್ಲ."

"ಇರಲಿ ಇಟ್ಕೊಳ್ಳಮ್ಮ, ಒಂದು ಪೈಸೆ ತಾನೆ" ಅಂದೆ.

"ಕಮ್ಮಿ ಕೊಟ್ರೆ ಕೇಳ್ತೀವಿ, ಹೆಚ್ಗೆ ಕೊಟ್ರೆ ಸುಮ್ಕಿರ್ತೀವಿ ಅಂತ ಅಂದ್ಕೊಂಡ್ಯಾ?" ಅಂದು ಹೊರಟುಹೋದಳು.

ತೊಂಬತ್ತಾರು ತಂಡಗಳಲ್ಲಿ ಮೂವತ್ತೊಂದಕ್ಕೆ ಮಾತ್ರ ಸರಿಹೊಂದಿದೆ. ಮೂವತ್ತನಾಲ್ಕಕ್ಕೆ ಹೆಚ್ಚು, ಮೂವತ್ತೊಂದಕ್ಕೆ ಕಡಿಮೆ. ಕಡಿಮೆ ಬಂದವರು ಕಿಟಕಿಗೆ ಮುತ್ತಿಕೊಂಡರು. ಅಪ್ಪಯ್ಯಣ್ಣ ತನ್ನ ಜೇಬಿನಿಂದ ಪೈಸೆ ಎಣಿಸಿ ಕೊಟ್ಟ. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಮುನಿರಾಮಯ್ಯನವರು ಕರೆಸಿದರು. "ನೋಡಮ್ಮ, ತಂಡದ ಚೀಟೀಲಿ ಒಂದು ಮೊತ್ತ, ನಿನ್ನ ಪಟ್ಟೀಲಿ ಇನ್ನೊಂದು ಮೊತ್ತ. ಆಡಿಟರ್ ನನ್ನ ತಲೆ ಮೇಲೆ ಕೂತವ್ರೆ. ಮುಂದಿನ ಬಟವಾಡೆಗೆ ತೊಂಬತ್ತಾರೂ ತಂಡ ಪೈಸೆಗೆ ಪೈಸೆ ಹೊಂದಬೇಕು. ಇಲ್ದಿದ್ರೆ ಕಾರ್ಡುಗಳು ಗೂಡಿಗೆ, ನೀನು ಮನೆಗೆ" ಅಂದರು.

ಅತ್ತುಬಿಡುತ್ತೇನೋ ಅನ್ನಿಸಿತು. ಬಸ್ಸು ಬರುವವರೆಗೂ ತಡೆದುಕೊಂಡೆ.

೭ ಏಪ್ರಿಲ್, ಸೋಮವಾರ

ಎಷ್ಟು ಸುಲಭ. ಒಬ್ಬೊಬ್ಬರದನ್ನೇ ಲೆಕ್ಕ ಹಾಕುವುದು, ಕೊನೆಯವರಿಗೆ ಮಾತ್ರ ಹಾಕುವುದೇ ಇಲ್ಲ. ತಂಡದ ಮೊತ್ತದಲ್ಲಿ ಉಳಿದದ್ದಷ್ಟೂ ಅವರಿಗೆ. ಹೊಂದದೆ ಎಲ್ಲಿ ಹೋಗುತ್ತದೆ? ಮಧ್ಯಾಹ್ನ ಊಟವನ್ನೂ ಮರೆತು ಕಾರ್ಡು ತೂತು ಹೊಡೆದೆ.

೧೧ ಏಪ್ರಿಲ್, ಶುಕ್ರವಾರ

ನಾಳೆ ಯುಗಾದಿ ಅಂತ ಇವತ್ತೇ ಬಟವಾಡೆ. ತೊಂಬತ್ತಾರಕ್ಕೆ ತೊಂಬತ್ತಾರು. ಆಡಿಟರ್ ಎರಡು ಸಲ ಕೂಡಿ ನೋಡಿ ಸಹಿ ಹಾಕಿದರು. ಮುನಿರಾಮಯ್ಯನವರು ತಮ್ಮ ಕೋಣೆಗೆ ಕಾಫಿ ತರಿಸಿ ನನಗೂ ಒಂದು ಲೋಟ ಕೊಡಿಸಿ, "ಇನ್ನು ಆ ಪ್ರೋಗ್ರಾಮನ್ನ ಯಾರೂ ಮುಟ್ಟಬೇಡಿ" ಅಂದರು. ಹೊಟ್ಟೆಯೊಳಗೆ ಹಾಲು ಹುಯ್ದಂತಾಯಿತು. ಗೆದ್ದೆ.

ಆಚೆ ಬಂದಾಗ ಮುತ್ಯಾಲಮ್ಮನ ತಂಡ ಬೇವಿನ ಮರದ ಕೆಳಗೆ ಇತ್ತು. ನಾನೇ ಹೋಗಿ "ಏನಮ್ಮ, ಸರಿ ಹೋಯ್ತಾ?" ಅಂದೆ. ಹೋಗಬಾರದಾಗಿತ್ತು.

"ಮೊತ್ತ ಸರಿ ಹೋಯ್ತು" ಅಂದಳು. "ನಮ್ಮಾರು ಜನಕ್ಕೂ ನಲವತ್ಮೂರು ಪೈಸ ಬಂದೈತೆ, ಲಕ್ಕಮ್ಮಂಗೆ ನಲವತ್ತೆರಡು. ಅವ್ಳೇನು ಒಂದು ಹೆಂಚು ಕಮ್ಮಿ ಹೊತ್ಲಾ?"

ಲಕ್ಕಮ್ಮ ಆರು ತಿಂಗಳ ಹಿಂದೆ ಸೇರಿದವಳು, ಟಿಕೆಟ್ ನಂಬರಿನಲ್ಲಿ ತಂಡದ ಕೊನೆಯವಳು. ಸಣ್ಣ ಹೆಂಗಸು, ತಲೆಯ ಮೇಲಿನ ಸಿಂಬೆಯನ್ನೂ ತೆಗೆಯದೆ ನಿಂತಿದ್ದಳು.

"ಯಾರಿಗಾದ್ರೂ ಒಂದು ಪೈಸೆ ಕಮ್ಮಿ ಆಗ್ಲೇಬೇಕಲ್ಲ" ಅಂದೆ.

"ಆಗ್ಲಿ. ಮುಂದಿನ್ವಾರ ಯಾರಿಗೆ ಕಮ್ಮಿ?"

"ಪಟ್ಟಿಯ ಕೊನೆಯವರಿಗೆ."

"ಅದರ ಮುಂದಿನ್ವಾರ?"

ಲಕ್ಕಮ್ಮನೇ "ಬಿಡಕ್ಕ, ಒಂದು ಪೈಸ ತಾನೆ" ಅಂದಳು. ಹೋದ ವಾರ ನಾನು ಆಡಿದ ಮಾತೇ ಅದು. ಅವಳ ಬಾಯಲ್ಲಿ ಕೇಳಿದಾಗ ಯಾಕೋ ಸಂಕಟವಾಯಿತು.

೧೨ ಏಪ್ರಿಲ್, ಯುಗಾದಿ

ಬೇವು ಬೆಲ್ಲ ತಿಂದೆ. ಅವ್ವ ಒಬ್ಬಟ್ಟು ಮಾಡಿದ್ದಳು, ಅದೂ ರುಚಿಸಲಿಲ್ಲ. "ಕೆಲಸ ಉಳೀತು ಅಂದೆ, ಮುಖ ಯಾಕೆ ಹಿಂಗೈತೆ?" ಅಂದಳು. ಕಾರಣ ಗೊತ್ತಿದ್ದರೆ ತಾನೆ ಹೇಳುವುದು.

೧೩ ಏಪ್ರಿಲ್, ಭಾನುವಾರ, ಹೊಸತೊಡಕು

ಎಲ್ಲವನ್ನೂ ಸಾವಕಾಶವಾಗಿ ಬರೆಯಬೇಕು.

ಯುಗಾದಿಯ ಮಾರನೇ ದಿನ ನಮ್ಮೂರಲ್ಲಿ ಗುಡ್ಡೆ ಮಾಂಸ. ಹದಿನೆಂಟು ಮನೆಯವರು ಸೇರಿ ಎರಡು ಕುರಿ ಕೊಳ್ಳುತ್ತಾರೆ, ಹೊಂಗೆ ತೋಪಿನಲ್ಲಿ ಕೊಯ್ದು ಬಾಳೆ ಎಲೆಗಳ ಮೇಲೆ ಹದಿನೆಂಟು ಗುಡ್ಡೆ ಹಾಕುತ್ತಾರೆ. ಗುಡ್ಡೆ ಹಾಕುವವನು ನಮ್ಮಪ್ಪ. ಕಾಲೇಜಿನಲ್ಲಿದ್ದಾಗ ಗೆಳತಿಯರು "ನಿಮ್ಮ ತಂದೆ ಏನು ಮಾಡ್ತಾರೆ?" ಅಂದರೆ ಬೇಸಾಯ ಅಂತ ಹೇಳಿ ಮಾತು ಬದಲಿಸುತ್ತಿದ್ದೆ, ಎಲ್ಲಿ ಇದೂ ಬಾಯಿಗೆ ಬಂದುಬಿಡುತ್ತದೋ ಅಂತ. ಹೆಂಗಸರು ತೋಪಿಗೆ ಹೋಗುವ ಪದ್ಧತಿಯಿಲ್ಲ. ಇವತ್ತು ಮನೆಯಲ್ಲಿ ಕೂರಲಾಗದೆ, ಪಾತ್ರೆ ಕೊಟ್ಟು ಬರುತ್ತೇನೆ ಅಂತ ಹೊರಟೆ.

ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಮೊದಲು ತೊಡೆ ಮಾಂಸ, ಪ್ರತಿ ಗುಡ್ಡೆಗೂ ಒಂದೊಂದು ಹಿಡಿ. ಆಮೇಲೆ ಎಲುಬು, ಈಲಿ, ಕೊಬ್ಬು, ಒಂದೊಂದೂ ಹದಿನೆಂಟು ಕಡೆಗೆ. ಕೊನೆಗೆ ಮೊರದಲ್ಲಿ ಚೂರುಪಾರು ಉಳಿಯಿತು. ಹತ್ತೋ ಹನ್ನೊಂದೋ ತುಂಡು, ಹದಿನೆಂಟು ಗುಡ್ಡೆಗೆ ಸಾಲದು. ಅಪ್ಪ ಎದ್ದು ನಿಂತು ಗುಡ್ಡೆಗಳನ್ನೆಲ್ಲ ಒಂದು ಸಲ ಕಣ್ಣಲ್ಲಿ ಅಳೆದ. ಯಾವುದು ಎಲ್ಲಕ್ಕಿಂತ ಸೊರಗಿದೆಯೋ ಅದಕ್ಕೊಂದು ತುಂಡು. ಮತ್ತೆ ನೋಡಿದ, ಅದರ ನಂತರ ಸೊರಗಿದ್ದಕ್ಕೆ ಇನ್ನೊಂದು. ತುಂಡು ಮುಗಿಯುವವರೆಗೂ ಹೀಗೆ.

ನಾನು ಪಾತ್ರೆ ಹಿಡಿದುಕೊಂಡು ಮರದ ಹಾಗೆ ನಿಂತುಬಿಟ್ಟೆ. ಚೂರನ್ನು ಕತ್ತರಿಸಿ ಬಿಸಾಕಲಿಲ್ಲ, ಅರ್ಧಕ್ಕೆ ಹೆಚ್ಚು ಅರ್ಧಕ್ಕೆ ಕಡಿಮೆ ಅನ್ನಲಿಲ್ಲ, ಕೊನೆಯ ಗುಡ್ಡೆಗೆ ಎಲ್ಲವನ್ನೂ ಸುರಿಯಲೂ ಇಲ್ಲ. ಮೊದಲು ಎಲ್ಲರಿಗೂ ಚೂರು ಬಿಟ್ಟು ಸಮನಾಗಿ ಹಾಕಿದ. ಉಳಿದದ್ದನ್ನು ಒಂದೊಂದಾಗಿ, ಯಾರು ಹೆಚ್ಚು ಕಳೆದುಕೊಂಡಿದ್ದಾರೋ ಅವರಿಗೆ ಮೊದಲು ಕೊಟ್ಟ. ಮೊತ್ತ ಹೊಂದದೆ ಇರುವುದಕ್ಕೆ ಸಾಧ್ಯವೇ ಇಲ್ಲ, ಯಾಕೆಂದರೆ ಮೊರ ಖಾಲಿಯಾಯಿತು.

"ಏನವ್ವಾ, ಇಲ್ಲಿಗ್ಯಾಕೆ ಬಂದೆ?" ಅಂದ ಅಪ್ಪ.

"ಅಪ್ಪ, ಎರಡು ಗುಡ್ಡೆ ಒಂದೇ ಸಮ ಸೊರಗಿದ್ರೆ? ತುಂಡು ಮಾತ್ರ ಒಂದೇ ಇದ್ರೆ?"

ಸುತ್ತ ಇದ್ದ ಗಂಡಸರು ನಕ್ಕರು. ಅಪ್ಪ ನಗಲಿಲ್ಲ. "ಹೋದ್ವರ್ಷ ಯಾರ್ದು ಸೊರಗಿತ್ತೋ ಅವ್ರಿಗೆ. ನೋಡು, ಆಂಜಿನಪ್ಪಂದು ಹೋದ್ಸಲ ವಸಿ ಕಮ್ಮಿ ಬಿದ್ದಿತ್ತು. ಈ ಸಲ ಅವನ ಗುಡ್ಡೆಗೇ ಮೊದ್ಲು."

"ಅದೆಲ್ಲಾ ನಿಂಗೆ ಜ್ಞಾಪಕ ಇರ್ತದಾ?"

"ಪಾಲು ಹಾಕೋನೇ ಜ್ಞಾಪಕ ಇಟ್ಕೊಳ್ದಿದ್ರೆ ಕಮ್ಮಿ ಬಂದೋನು ಬಂದು ಕೇಳ್ಬೇಕಾ? ಅವನು ನಾಚ್ಕೊಂಡು ಕೇಳಾಕಿಲ್ಲ."

ಲಕ್ಕಮ್ಮ ಸಿಂಬೆ ತೆಗೆಯದೆ ನಿಂತಿದ್ದದ್ದು ಕಣ್ಣಿಗೆ ಬಂತು. ಪಾತ್ರೆಯನ್ನು ಅಲ್ಲೇ ನಿಂತಿದ್ದ ಆಂಜಿನಪ್ಪನ ಕೈಗೆ ಕೊಟ್ಟು ಮನೆಗೆ ಓಡಿದೆ. "ಪಿಳ್ಳಪ್ಪನ ಮಗಳಿಗೆ ಏನಾಯ್ತು?" ಅಂತ ಯಾರೋ ಹಿಂದಿನಿಂದ ಕೇಳಿದರು. ಏನಾಗಿದೆ ಅಂದರೆ ಅಂಥ ಸಂತೋಷ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಏಳು ಕಾಗದ ಬರೆದು ಹರಿದೆ. ಸಾರು ಆರಿಹೋಯಿತು ಅಂತ ಅವ್ವ ಬೈಯುತ್ತಿದ್ದಾಳೆ.

೧೪ ಏಪ್ರಿಲ್, ಸೋಮವಾರ

ಒಂದೇ ಒಂದು ತೊಡಕು ಉಳಿದಿತ್ತು. ಮುತ್ಯಾಲಮ್ಮನ ತಂಡದಲ್ಲಿ ಏಳೂ ಜನರ ಚೂರು ಒಂದೇ ಸಮ, ಉಳಿದ ಪೈಸೆ ಆರು. ಮೊದಲನೆಯ ಸಲ ಯಾರು ಬಿಡಬೇಕು? ನಮ್ಮಪ್ಪನಿಗೆ ಹೋದ ವರ್ಷದ್ದು ಜ್ಞಾಪಕ ಇರುತ್ತದೆ, ಯಂತ್ರಕ್ಕೆ ನಾನು ಏನೂ ಜ್ಞಾಪಕ ಕೊಟ್ಟಿಲ್ಲ.

ಅಪ್ಪಯ್ಯಣ್ಣನವರ ಮೇಜಿನ ಮುಂದೆ ಹೋಗಿ ಕೂತೆ. "ನೀವು ಇಷ್ಟು ವರ್ಷ ಹೇಗೆ ಮಾಡ್ತಿದ್ರಿ?" ಅಂದೆ. ಅವರು ನಶ್ಯ ಏರಿಸಿ, ಮೂಗು ಒರೆಸಿ, ಹಳೆಯ ಲೆಡ್ಜರ್ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಹೆಸರುಗಳ ಪಕ್ಕದಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು.

ನಾಲ್ಕು ತಿಂಗಳು ಅದೇ ಲೆಡ್ಜರ್ ನೋಡಿಕೊಂಡು ಕಾರ್ಡು ಮಾಡಿದವಳು ನಾನು. ಆ ಚುಕ್ಕೆಗಳನ್ನು ನಶ್ಯದ ಕಲೆ ಅಂದುಕೊಂಡಿದ್ದೆ. ಒಂದು ದಿನ ರಬ್ಬರಿನಿಂದ ಉಜ್ಜಲೂ ಹೋಗಿದ್ದೆ.

"ಈ ವಾರ ಯಾರು ಒಂದು ಪೈಸ ಬಿಟ್ರೋ ಅವ್ರ ಹೆಸರಿಗೆ ಚುಕ್ಕೆ" ಅಂದರು. "ಮುಂದಿನ್ವಾರ ಅವ್ರ ಕೆಳಗಿನೋರಿಗೆ. ಹೊಸ ತಂಡ ಕಟ್ಟಿದ್ರೆ ಮೊದಲ್ನೇ ಚುಕ್ಕೆ ತಂಡದ ಯಜಮಾನ್ರಿಗೆ. ಅವ್ರು ಬಿಟ್ರೆ ಮಿಕ್ಕೋರು ತಕರಾರು ತೆಗೆಯಾಕಿಲ್ಲ."

"ನನಗ್ಯಾಕೆ ಮೊದಲೇ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲಮ್ಮ" ಅಂದರು. ಅದರಲ್ಲಿ ಕೊಂಕು ಇರಲಿಲ್ಲ, ಅದಕ್ಕೇ ನನಗೆ ತಲೆಯೆತ್ತಲು ಆಗಲಿಲ್ಲ. ಹೋದ ವಾರಕ್ಕೆ ಮುಂಚಿನ ವಾರ ಅವರ ಜೇಬಿನಿಂದ ಎಷ್ಟು ಹೋಯಿತು ಅಂತ ಕೇಳಿದೆ. "ಎಲ್ಲೋ ನಲವತ್ತೋ ಐವತ್ತೋ ಪೈಸ, ಬಿಡು" ಅಂದರು. ಬಿಡಲಿಲ್ಲ, ಐವತ್ತು ಪೈಸೆ ಮೇಜಿನ ಮೇಲಿಟ್ಟು ಬಂದೆ.

ಮುನಿರಾಮಯ್ಯನವರ ಹತ್ತಿರ ಹೋಗಿ ಪ್ರೋಗ್ರಾಮು ಬದಲಾಯಿಸಬೇಕು ಅಂದೆ. ಅವರಿಗೆ ಸಿಟ್ಟು ನೆತ್ತಿಗೇರಿತು.

"ಹೊಂದಿರೋದನ್ನ ಯಾಕಮ್ಮ ಕೆಡಿಸ್ತೀಯ?"

"ಮೊತ್ತ ಹೊಂದಿದೆ ಸಾರ್, ಪಾಲು ಹೊಂದಿಲ್ಲ. ಪಟ್ಟಿ ಕೊನೆಯವರಿಗೆ ಪ್ರತಿ ವಾರ ಹೆಚ್ಚುಕಮ್ಮಿ ಆಗ್ತಾನೇ ಇರುತ್ತೆ."

"ಒಂದು ಪೈಸೆ."

"ಹೌದು ಸಾರ್, ಒಂದು ಪೈಸೆ."

ಅವರು ಮುಂದಿದ್ದ ಫೈಲು ಮುಚ್ಚಿದರು. "ಮಾಡ್ಕೊ. ಆದ್ರೆ ಒಂದು ತಂಡ ತಪ್ಪಿದ್ರೂ, ಒಬ್ಬ ಆಳು ತಕರಾರು ತಂದ್ರೂ, ಮೂವತ್ತನೇ ತಾರೀಕು ನಿನಗೆ ಕಾಯಂ ಕಾಗದ ಸಿಗಲ್ಲ."

ಹೂಂ ಅಂದೆ.

೧೬ ಏಪ್ರಿಲ್, ಬುಧವಾರ

ಎರಡು ದಿನದಿಂದ ತೂತು ಹೊಡೆಯುತ್ತಲೇ ಇದ್ದೇನೆ. ಪ್ರತಿಯೊಬ್ಬರ ಕಾರ್ಡಿನ ಕೊನೆಗೆ ಒಂದು ಹೊಸ ಜಾಗ ಮಾಡಿದೆ. ಯಾರಿಗೆ ಎಷ್ಟು ಚೂರು ಸಿಗದೆ ಉಳಿದಿದೆ ಎಂಬುದು ಅಲ್ಲಿರುತ್ತದೆ, ವಾರದಿಂದ ವಾರಕ್ಕೆ ಅವರ ಜೊತೆಗೇ ಹೋಗುತ್ತದೆ. ಉಳಿದ ಪೈಸೆಗಳು ಹೆಚ್ಚು ಬಾಕಿ ಇರುವವರಿಗೆ ಮೊದಲು, ಒಬ್ಬರಿಗೆ ವಾರಕ್ಕೆ ಒಂದೇ. ಸಮ ಬಂದರೆ ಪಟ್ಟಿಯ ಕೆಳಗಿನಿಂದ ಮೇಲಕ್ಕೆ, ಯಜಮಾನಿ ಕೊನೆಗೆ. ಹೋದ ವಾರದ ಲಕ್ಕಮ್ಮನ ಚೂರನ್ನೂ ಸೇರಿಸಿದ್ದೇನೆ. ಅಪ್ಪಯ್ಯಣ್ಣನವರು ಪಕ್ಕದಲ್ಲಿ ಕೂತು ಹೆಸರು ಓದಿದರು. ಅವರಿಗೆ ಏಳುನೂರ ಹನ್ನೆರಡು ಜನರೂ ಮುಖ ಸಮೇತ ಗೊತ್ತು.

೧೭ ಏಪ್ರಿಲ್, ಗುರುವಾರ

ಇಪ್ಪತ್ತಾರು ನಿಮಿಷ. ತೊಂಬತ್ತಾರಕ್ಕೆ ತೊಂಬತ್ತಾರು. ಅಪ್ಪಯ್ಯಣ್ಣನವರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಆ ಚಳಿಗೆ ಪಂಚೆಯನ್ನು ಮೊಣಕಾಲಿಗೆ ಒತ್ತಿಕೊಂಡು ನಿಂತು, ಕಾಗದ ಬರುತ್ತಿದ್ದ ಹಾಗೇ ತಂಡ ತಂಡವಾಗಿ ಬಾಯಲ್ಲೇ ಕೂಡಿದರು. ಯಂತ್ರದ ಮೊತ್ತ ಅಚ್ಚಾಗುವ ಮುಂಚೆಯೇ ಅವರದು ಹೇಳಿ ಮುಗಿಯುತ್ತಿತ್ತು. ಅಲ್ಲಿನ ಹುಡುಗರು ಕೆಲಸ ಬಿಟ್ಟು ಇವರ ಸುತ್ತ ನಿಂತರು. ನನಗೆ ಹೆಮ್ಮೆಯಾಯಿತು.

ಇನ್ನು ಶನಿವಾರ ಯಾರೂ ತಕರಾರು ತೆಗೆಯದಿದ್ದರೆ ಸಾಕು.

೧೯ ಏಪ್ರಿಲ್, ಶನಿವಾರ

ತಕರಾರು ತೆಗೆದವರು ಮುನಿರಾಮಯ್ಯನವರೇ.

ಅವರು ಬಟವಾಡೆ ಕಿಟಕಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಹೋದ ವಾರದ ಪಟ್ಟಿ ಒಂದು ತೊಡೆಯ ಮೇಲೆ, ಈ ವಾರದ್ದು ಇನ್ನೊಂದರ ಮೇಲೆ ಇಟ್ಟುಕೊಂಡು ಕೂತಿದ್ದರು. ಮುತ್ಯಾಲಮ್ಮನ ಹೆಸರು ಕೂಗಿದಾಗ ಕೈಯೆತ್ತಿ ನಿಲ್ಲಿಸಿದರು.

"ಇದೇನಮ್ಮ ಅನುಸೂಯ? ಹೋದ ವಾರ ಇವಳಿಗೆ ನಲವತ್ತಮೂರು ಪೈಸೆ, ಈ ವಾರ ನಲವತ್ತೆರಡು. ಲಕ್ಕಮ್ಮನಿಗೆ ನಲವತ್ತೆರಡು ಇದ್ದದ್ದು ನಲವತ್ತಮೂರು. ಅದೇ ಗೂಡು, ಅದೇ ಜನ, ಅದೇ ನೂರ ನಲವತ್ತಮೂರು ರೂಪಾಯಿ. ಮನಸ್ಸಿಗೆ ಬಂದ ಹಾಗೆ ಕೊಡೋ ಯಂತ್ರ ನಮಗೆ ಬೇಡ. ಹೋದ ವಾರದ್ದೇ ಇರಲಿ."

ನಾನು ಬಾಯಿ ತೆರೆದೆ. ಬಾಕಿ, ಭಾಗಾಕಾರ, ಶೇಷ, ಯಾವುದರಿಂದ ಶುರು ಮಾಡಲಿ ಅಂತ ಪೆನ್ಸಿಲ್ ಹುಡುಕತೊಡಗಿದೆ. ಅಪ್ಪಯ್ಯಣ್ಣನವರು ಎದ್ದು ನಿಂತರು. ಅಷ್ಟರಲ್ಲಿ ಮುತ್ಯಾಲಮ್ಮ ಕಿಟಕಿಯ ಕಟ್ಟೆಗೆ ಮೊಣಕೈ ಊರಿದಳು.

"ಮಿಷನ್ನು ಸರಿಯಾಗೇ ಐತೆ ಸಾಮಿ. ಹೋದ್ವಾರ ಲಕ್ಕಮ್ಮ ಬಿಟ್ಲು. ಈ ವಾರ ನಾನ್ ಬಿಟ್ಟೆ. ಮುಂದಿನ್ವಾರ ಪಟ್ಟೀಲಿ ನನ್ ಕೆಳಗಿರೋ ಸೊಣ್ಣಮ್ಮ ಬಿಡ್ತಾಳೆ, ಆಮ್ಯಾಕೆ ಅವಳ ಕೆಳಗಿನೋಳು."

"ಅದು ನಿನಗೆ ಹೆಂಗೆ ಗೊತ್ತು? ಯಾರು ಹೇಳಿದ್ರು?"

"ಹೇಳೋದೇನೈತೆ? ಏಳು ಜನ, ವಾರಕ್ಕೊಂದು ಗೂಡು. ಏಳು ವಾರಕ್ಕೆ ಏಳು ಗೂಡು. ಅದ್ರಾಗೆ ಒಂದು ಗೂಡು ನಂದು, ಒಂದು ಲಕ್ಕಮ್ಮಂದು, ಒಂದು ಸೊಣ್ಣಮ್ಮಂದು. ಏಳು ವಾರ ಎಣಿಸಿದ್ರೆ ಒಬ್ಬೊಬ್ಬಳ ಕೈಗೂ ನೂರ ನಲವತ್ಮೂರು ರೂಪಾಯಿ ಬರ್ಬೇಕು, ಒಂದು ಪೈಸ ಅತ್ಲಾಗಿಲ್ಲ ಇತ್ಲಾಗಿಲ್ಲ. ಬರ್ತದೋ ಇಲ್ವೋ ಆ ಅಮ್ಮಣ್ಣೀನ ಕೇಳಿ."

ಮುನಿರಾಮಯ್ಯನವರು ನನ್ನ ಕಡೆ ತಿರುಗಿದರು. ನಾನು ಅಲ್ಲೇ ಪಟ್ಟಿಯ ಅಂಚಿನಲ್ಲಿ ಬರೆದೆ. ಆರು ವಾರ ಇಪ್ಪತ್ತು ರೂಪಾಯಿ ನಲವತ್ತಮೂರು, ಒಂದು ವಾರ ಇಪ್ಪತ್ತು ರೂಪಾಯಿ ನಲವತ್ತೆರಡು. ಕೂಡಿದೆ. ನೂರ ನಲವತ್ತಮೂರು, ಮುಂದೆ ಎರಡು ಸೊನ್ನೆ. ಮೂರು ವಾರದಿಂದ ಅದೇ ಅಂಕಿಗಳ ಜೊತೆ ಗುದ್ದಾಡಿದ್ದೇನೆ, ಇದನ್ನು ಮಾತ್ರ ನಾನು ಒಂದು ಸಲವೂ ಕೂಡಿ ನೋಡಿರಲಿಲ್ಲ.

"ಬರುತ್ತೆ ಸಾರ್" ಅಂದೆ.

ಅವರು ಎರಡೂ ಪಟ್ಟಿಗಳನ್ನು ನೋಡಿದರು, ಮುತ್ಯಾಲಮ್ಮನನ್ನು ನೋಡಿದರು. ಹೋದ ವಾರದ್ದನ್ನು ಮಡಿಸಿ ಕುರ್ಚಿಯ ಕೆಳಗೆ ಹಾಕಿ, "ಹೆಬ್ಬೆಟ್ಟು ಒತ್ತಿಸ್ಕೊಳ್ಳಿ ಅಪ್ಪಯ್ಯಣ್ಣ, ಸಾಲು ಉದ್ದ ಐತೆ" ಅಂದರು.

೨೬ ಏಪ್ರಿಲ್, ಶನಿವಾರ

ಮುತ್ಯಾಲಮ್ಮಕ್ಕ ನನ್ನನ್ನು ಗೂಡಿನ ಒಳಗೆ ಕರೆದುಕೊಂಡು ಹೋದಳು. ಬೆಂಕಿ ಆರಿ ಎರಡು ದಿನ ಆಗಿದ್ದರೂ ಒಳಗೆ ಬಿಸಿ ಹೊಡೆಯುತ್ತದೆ, ಅದರಲ್ಲೇ ಹೊರುತ್ತಾರೆ. ನಾನೂ ಒಂದು ಸಲ ಹೊತ್ತೆ. ಎಂಟೇ ಹೆಂಚು, ಅದಕ್ಕೇ ಕತ್ತು ಹಿಡಿದುಕೊಂಡಿದೆ. ಅವರು ಹದಿನಾರು ಹೊರುತ್ತಾರಂತೆ. ಕಾಯಂ ಮಾಡಿದ ಕಾಗದವನ್ನು ಇವತ್ತೇ ಕೊಟ್ಟರು, ಅಪ್ಪಯ್ಯಣ್ಣನವರ ಮೇಜಿನ ಮೇಲೆ ಮರೆತು ಬಂದಿದ್ದೇನೆ.

ಇನ್ನು ಬಟವಾಡೆಯ ದಿನ ಕಿಟಕಿಯಲ್ಲಿ ನಾನೂ ಕೂರುತ್ತೇನೆ. ಈ ವಾರ ಸೊಣ್ಣಮ್ಮನಿಗೆ ನಲವತ್ತೆರಡು ಪೈಸೆ, ಅವಳು ನಗುತ್ತ ತೆಗೆದುಕೊಂಡು ಹೋದಳು. ಕೊನೆಗೆ ಲಕ್ಕಮ್ಮ ಬಂದಳು. ದುಡ್ಡು ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹೋಗದೆ ಅಲ್ಲೇ ನಿಂತಳು. ಇಷ್ಟು ದಿನದಲ್ಲಿ ಅವಳು ನನ್ನ ಜೊತೆ ಮಾತಾಡಿದವಳೇ ಅಲ್ಲ.

"ಅಮ್ಮಣ್ಣಿ, ನನ್ ಸರದಿ ಯಾವತ್ತು?"

ಕ್ಯಾಲೆಂಡರ್ ನೋಡಿ ಎಣಿಸಿದೆ. "ಮೇ ಮೂವತ್ತೊಂದು, ಶನಿವಾರ."

ಅವಳು ಬೆರಳು ಮಡಿಸಿ ತಾನೂ ಎಣಿಸಿದಳು. ಸರಿಯಿದೆ ಅನ್ನಿಸಿತೇನೋ, ತಲೆಯಾಡಿಸಿದಳು.

"ಆ ವಾರ ನಮ್ಮಕ್ಕನ ಮಗಳ ಮದುವೆ ಐತೆ" ಅಂದಳು. "ಆದ್ರೂ ರಜ ಹಾಕಾಕಿಲ್ಲ. ನನ್ ಪೈಸ ನಾನೇ ಬಂದು ಬಿಡ್ತೀನಿ."